ಪಕ್ಕದಲ್ಲಿ ಸುಮ್ಮನೆ ಕೂತು ನೋಡಿ: ಫೋನು, ಸ್ಟವ್, ಸ್ವಿಚ್ಚುಗಳು ಎಲ್ಲಿ ಎಡವಿಸುತ್ತವೆ ಎಂದು ಮನೆಯಲ್ಲೇ ಕಂಡುಹಿಡಿಯುವ ಸಮಗ್ರ ಮಾರ್ಗದರ್ಶಿ

ಹೋದ ವರ್ಷ ಶ್ರಾವಣದಲ್ಲಿ ಹಾಸನದ ಮನೆಗೆ ಹೋಗಿದ್ದಾಗ ಅಮ್ಮ ನಡುಮನೆಯಲ್ಲಿ ಕೂತು ಫೋನಿನಲ್ಲಿ ಕರೆಂಟ್ ಬಿಲ್ ಕಟ್ಟುತ್ತಿದ್ದಳು. ಮೊತ್ತ ಸರಿಯಿದೆಯೇ ಎಂದು ಎರಡು ಸಲ ನೋಡಿಕೊಂಡು ಹಸಿರು ಬಟನ್ ಒತ್ತಿದಳು, ಪಿನ್ ಹಾಕಿದಳು. ಪರದೆ ಒಂದಷ್ಟು ಹೊತ್ತು ಬೆಳ್ಳಗೆ ನಿಂತು, ಆಮೇಲೆ ಮೊದಲಿನ ಪುಟಕ್ಕೇ ಮರಳಿತು. ಅದೇ ಮೊತ್ತ, ಅದೇ ಹಸಿರು ಬಟನ್. ದುಡ್ಡು ಹೋಗಿಲ್ಲ ಅಂದುಕೊಂಡು ಮತ್ತೆ ಒತ್ತಿದಳು, ಮತ್ತೆ ಪಿನ್ ಹಾಕಿದಳು. ಐದು ನಿಮಿಷದ ಮೇಲೆ ಬ್ಯಾಂಕಿನಿಂದ ಎರಡು ಮೆಸೇಜ್ ಬಂದವು. ಬಿಲ್ಲನ್ನು ಎರಡು ಸಲ ಕಟ್ಟಿಯಾಗಿತ್ತು.

"ನನಗೆ ಇವೆಲ್ಲ ಗೊತ್ತಾಗಲ್ಲ ಕಣೋ, ನನ್ನದೇ ತಪ್ಪು" ಅಂದಳು.

ನಾನು ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸದಲ್ಲಿ ಹದಿನಾಲ್ಕು ವರ್ಷ ಕಳೆದವನು. ಅವಳ ಜಾಗದಲ್ಲಿದ್ದರೆ ನಾನೂ ಎರಡನೇ ಸಲ ಒತ್ತುತ್ತಿದ್ದೆ. ಹಣ ಹೋಯಿತೋ ಇಲ್ಲವೋ ಎಂದು ಆ ಪುಟ ಹೇಳಬೇಕಿತ್ತು, ಹೇಳಲಿಲ್ಲ. ನಲವತ್ತು ವರ್ಷ ಡೈರಿ ಹಾಲಿನ ಲೆಕ್ಕ, ಚೀಟಿ ಲೆಕ್ಕಗಳನ್ನು ಪೈಸೆ ತಪ್ಪದೆ ಇಟ್ಟ ಹೆಂಗಸು ತನ್ನನ್ನೇ ದಡ್ಡಿ ಅಂದುಕೊಳ್ಳುವ ಹಾಗಾಯಿತು. ಅದು ನನಗೆ ಈಗಲೂ ಸಂಕಟದ ವಿಷಯ.

ಇದೇ ಸಂಗತಿಯನ್ನು ವಿಮಾನ ಓಡಿಸುವವರ ವಿಷಯದಲ್ಲಿ ಬಹಳ ಹಿಂದೆಯೇ ಕಂಡುಕೊಳ್ಳಲಾಗಿತ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಬಿ-17 ವಿಮಾನಗಳ ಪೈಲಟ್‌ಗಳು ನೆಲಕ್ಕಿಳಿದ ಮೇಲೆ ರೆಕ್ಕೆಯಂಚಿನ ಫ್ಲಾಪ್ ಎಂಬ ಪಟ್ಟಿಗಳನ್ನು ಮಡಚಲು ಹೋಗಿ ಚಕ್ರಗಳನ್ನೇ ಮಡಚಿಬಿಡುತ್ತಿದ್ದರು. ಎರಡರ ಹಿಡಿಗಳೂ ಅಕ್ಕಪಕ್ಕದಲ್ಲಿದ್ದವು, ನೋಡಲೂ ಒಂದೇ ಥರ. ಆಲ್ಫೋನ್ಸ್ ಚಪಾನಿಸ್ ಎಂಬ ಮನಶ್ಶಾಸ್ತ್ರಜ್ಞ ಚಕ್ರದ ಹಿಡಿಗೆ ಪುಟ್ಟ ಚಕ್ರದ ಆಕಾರವನ್ನೂ ಫ್ಲಾಪಿನ ಹಿಡಿಗೆ ಬೆಣೆಯ ಆಕಾರವನ್ನೂ ಕೊಡಿಸಿದರು. ಕಣ್ಣು ಬೇರೆ ಕಡೆ ಇದ್ದರೂ ಕೈಗೆ ತಿಳಿಯುವಂತಾಯಿತು. 1947ರಲ್ಲಿ ಪಾಲ್ ಫಿಟ್ಸ್ ಮತ್ತು ರಿಚರ್ಡ್ ಜೋನ್ಸ್ 'ಪೈಲಟ್ ತಪ್ಪು' ಎಂಬ ಹಣೆಪಟ್ಟಿ ಅಂಟಿದ್ದ 460 ಪ್ರಸಂಗಗಳನ್ನು ಕೂಡಿಹಾಕಿ ನೋಡಿದರು. ಅವುಗಳಲ್ಲಿ ದೊಡ್ಡ ಪಾಲು ಒಂದು ಹಿಡಿಯೆಂದು ಇನ್ನೊಂದನ್ನು ಎಳೆದ ಪ್ರಸಂಗಗಳು. ತಪ್ಪುಗಳು ಹೀಗೆ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಆಗುತ್ತಿದ್ದರೆ ಆ ಜಾಗವನ್ನೇ ನೋಡಬೇಕು.

ನಿಮ್ಮ ಮನೆಯಲ್ಲಿ ಅಂಥ ಜಾಗಗಳನ್ನು ಹುಡುಕಿ, ಬರೆದಿಟ್ಟು, ಆದಷ್ಟನ್ನು ಸರಿಮಾಡಿ, ಉಳಿದದ್ದನ್ನು ತಯಾರಕರಿಗೆ ತಿಳಿಸುವ ವಿಧಾನ ಇಲ್ಲಿದೆ. ಒಂದು ನೋಟ್‌ಬುಕ್, ಒಂದು ಪೆನ್ನು, ಮನೆಯವರೊಬ್ಬರ ಅರ್ಧ ಗಂಟೆ ಬೇಕು. ಕಂಪ್ಯೂಟರ್ ಓದಿರಬೇಕೆಂದೇನೂ ಇಲ್ಲ.

ಹಂತ 1: ಮೊದಲು ಫೋನ್ ಬದಿಗಿಟ್ಟು ಮನೆಯನ್ನೊಂದು ಸುತ್ತು ಹಾಕಿ

ಫೋನಿನಿಂದಲೇ ಶುರು ಮಾಡಿದರೆ ಕಣ್ಣು ಪಳಗುವುದಿಲ್ಲ. ಪರದೆಯ ಒಳಗಿನದು ಬೇಗ ಬದಲಾಗುತ್ತದೆ, ಹಿಡಿತಕ್ಕೆ ಸಿಗುವುದಿಲ್ಲ. ಗೋಡೆಯ ಮೇಲಿನ ಸ್ವಿಚ್ಚು ಎಲ್ಲೂ ಓಡಿಹೋಗುವುದಿಲ್ಲ. ಒಂದು ಭಾನುವಾರ ಬೆಳಿಗ್ಗೆ ನೋಟ್‌ಬುಕ್ ಹಿಡಿದು ಸುತ್ತಿ.

ಸ್ವಿಚ್ ಬೋರ್ಡ್ ಮುಂದೆ ನಿಲ್ಲಿ. ನಮ್ಮ ನಡುಮನೆಯಲ್ಲಿ ಒಂದೇ ಸಾಲಿನಲ್ಲಿ ಎಂಟು ಸ್ವಿಚ್ಚುಗಳಿವೆ, ಎಂಟೂ ಒಂದೇ ಅಳತೆ, ಒಂದೇ ಬಣ್ಣ. ಫ್ಯಾನಿನದು ಯಾವುದೆಂದು ಮನೆಯವರಿಗೆ ಬಾಯಿಪಾಠ, ನೆಂಟರಿಗೆ ಪರೀಕ್ಷೆ. ಬಂದವರು ಫ್ಯಾನ್ ಹಾಕಲು ಎಷ್ಟು ಸ್ವಿಚ್ ಒತ್ತಿದರು ಎಂದು ಎಣಿಸಿ ಬರೆದುಕೊಳ್ಳಿ. ಅಮೆರಿಕದಿಂದ ಬಂದ ಮೊಮ್ಮಕ್ಕಳಿದ್ದರೆ ಇನ್ನೊಂದು ವಿಷಯ ಕಾಣುತ್ತದೆ: ನಮ್ಮಲ್ಲಿ ಸ್ವಿಚ್ ಕೆಳಗೆ ಒತ್ತಿದರೆ ಆನ್, ಅಲ್ಲಿ ಮೇಲಕ್ಕೆ ಎತ್ತಿದರೆ ಆನ್. ಎರಡೂ ಸರಿಯೇ. ಅಭ್ಯಾಸವೂ ವಿನ್ಯಾಸದ ಒಂದು ಭಾಗ ಎಂಬುದು ಇಲ್ಲಿ ತಿಳಿಯುತ್ತದೆ.

ಅಡಿಗೆಮನೆಗೆ ಬನ್ನಿ. ನಾಲ್ಕು ಬರ್ನರ್ ಚೌಕಾಕಾರದಲ್ಲಿವೆ, ನಾಲ್ಕು ನಾಬ್ ಒಂದೇ ಸಾಲಿನಲ್ಲಿವೆ. ಯಾವ ನಾಬಿಗೆ ಯಾವ ಬರ್ನರ್? ಇದೇ ಚಪಾನಿಸ್, ಲಿಂಡನ್‌ಬಾಮ್ ಎಂಬವರ ಜೊತೆ ಸೇರಿ 1959ರಲ್ಲಿ ನಾಲ್ಕು ಬಗೆಯ ಜೋಡಣೆಗಳನ್ನು ಜನರಿಂದ ಪರೀಕ್ಷಿಸಿದರು. ಹಿಂದಿನ ಬರ್ನರ್‌ಗಳನ್ನು ತುಸು ಪಕ್ಕಕ್ಕೆ ಸರಿಸಿ, ಬರ್ನರ್‌ಗಳ ಅನುಕ್ರಮ ನಾಬ್‌ಗಳ ಸಾಲಿಗೆ ಹೊಂದುವಂತೆ ಇಟ್ಟ ಜೋಡಣೆಯಲ್ಲಿ ಒಂದು ತಪ್ಪೂ ಆಗಲಿಲ್ಲ. ಅರವತ್ತು ವರ್ಷ ದಾಟಿದರೂ ಅಂಗಡಿಯಲ್ಲಿ ಸಿಗುವ ಸ್ಟವ್‌ಗಳಲ್ಲಿ ಹೆಚ್ಚಿನವು ಅದೇ ಚೌಕ, ಅದೇ ಸಾಲು. ನಾಬ್ ತಿರುಗಿಸುವ ಬಗೆಯನ್ನೂ ನೋಡಿ. ಎಡಕ್ಕೆ ತಿರುಗಿಸಿದಾಗ ಮೊದಲು ಸಿಗುವುದು ಜೋರು ಉರಿ. ಇನ್ನೂ ಮುಂದಕ್ಕೆ ತಿರುಗಿಸಿದರೆ ಸಿಮ್. ಹೊಸಬರು ಉರಿ ಸಣ್ಣ ಮಾಡಬೇಕೆಂದು ಹಿಂದಕ್ಕೆ ತಿರುಗಿಸುತ್ತಾರೆ, ಉರಿ ಆರಿಹೋಗುತ್ತದೆ.

ಒಳ್ಳೆಯದನ್ನೂ ಬರೆದುಕೊಳ್ಳಿ, ಇದು ಮುಖ್ಯ. ಕುಕ್ಕರ್ ಕೂಗುವುದು ನನಗೆ ಗೊತ್ತಿರುವ ಅತ್ಯುತ್ತಮ ಸೂಚನೆಗಳಲ್ಲೊಂದು. ಅಮ್ಮ ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದರೂ "ಮೂರು ಕೂಗಾಯ್ತು, ಆರಿಸೋ" ಎನ್ನುತ್ತಾಳೆ. ಕಣ್ಣು ಬೇಡ, ಕೈ ಬೇಡ, ಎಣಿಸಲೂ ಬರುತ್ತದೆ. ಮುಚ್ಚಳ ಒಳಗಿನಿಂದ ಕೂರುವ ಕುಕ್ಕರ್‌ನಲ್ಲಿ ಹಬೆಯ ಒತ್ತಡವೇ ಮುಚ್ಚಳವನ್ನು ಹಿಡಿದಿಡುತ್ತದೆ, ಒತ್ತಡ ಇಳಿಯುವವರೆಗೆ ತೆಗೆಯಲಾಗುವುದೇ ಇಲ್ಲ. "ಎಚ್ಚರಿಕೆ" ಎಂದು ಬರೆದ ಚೀಟಿಗಿಂತ ಇದು ಎಷ್ಟೋ ಮೇಲು. ಪಕ್ಕದಲ್ಲಿರುವ ಇಂಡಕ್ಷನ್ ಒಲೆಯನ್ನು ಇದರ ಜೊತೆ ಹೋಲಿಸಿ: ನುಣ್ಣನೆಯ ಗಾಜು, ಒದ್ದೆ ಬೆರಳಿಗೆ ಸರಿಯಾಗಿ ಕೆಲಸ ಮಾಡದ ಬಟನ್‌ಗಳು, ಕಣ್ಣು ಕಾಣದವರಿಗೆ ಎಲ್ಲಿ ಏನಿದೆ ಎಂಬುದೇ ಗೊತ್ತಾಗದು.

ಪರ್ಸಿನಿಂದ ನೋಟು ತೆಗೆದು ಕಣ್ಣು ಮುಚ್ಚಿ ಅಂಚನ್ನು ಸವರಿ. ನೂರರ ನೋಟಿನ ಅಂಚಿನಲ್ಲಿ ಉಬ್ಬಿದ 4 ಓರೆಗೆರೆಗಳಿವೆ, ಇನ್ನೂರರಲ್ಲಿ 4 ಗೆರೆ ಮತ್ತು ನಡುವೆ ಎರಡು ಸೊನ್ನೆಗಳು, ಐನೂರರಲ್ಲಿ 5 ಗೆರೆ. ದೃಷ್ಟಿಯಿಲ್ಲದವರಿಗಾಗಿ ರಿಸರ್ವ್ ಬ್ಯಾಂಕ್ ಮಾಡಿದ ವ್ಯವಸ್ಥೆ. ಈಗ ಹೊಸ ನೋಟಿನಲ್ಲೂ ಹಳೆಯ, ಸವೆದ ನೋಟಿನಲ್ಲೂ ಸವರಿ ನೋಡಿ. ಒಂದು ವಸ್ತು ಹೊಸದಾಗಿರುವಾಗ ಕೊಡುವ ಸುಳಿವು ಹಳತಾದ ಮೇಲೂ ಉಳಿಯುತ್ತದೆಯೇ ಎಂಬ ಪ್ರಶ್ನೆ ಅಲ್ಲಿ ಹುಟ್ಟುತ್ತದೆ.

ಕೊನೆಗೆ ಫೋನ್ ತೆಗೆದು ಡಯಲ್ ಮಾಡುವ ಪುಟವನ್ನೂ ಕ್ಯಾಲ್ಕುಲೇಟರನ್ನೂ ಒಂದಾದ ಮೇಲೊಂದು ನೋಡಿ. ಒಂದರಲ್ಲಿ ಮೇಲಿನ ಸಾಲು 1-2-3, ಇನ್ನೊಂದರಲ್ಲಿ 7-8-9. ಟೆಲಿಫೋನ್ ಸಂಶೋಧನೆ ಮಾಡುತ್ತಿದ್ದ ಬೆಲ್ ಲ್ಯಾಬ್ಸ್‌ನವರು ಹಲವು ಜೋಡಣೆಗಳನ್ನು ಜನರ ಕೈಯಲ್ಲಿ ಒತ್ತಿಸಿ ನೋಡಿದ ಮೇಲೆ ಆರಿಸಿದ ಕೀಪ್ಯಾಡ್ 1963ರಲ್ಲಿ ಅಮೆರಿಕದ ಫೋನ್‌ಗಳಿಗೆ ಬಂತು. ಲೆಕ್ಕದ ಯಂತ್ರಗಳು ತಮ್ಮ ಹಳೆಯ ದಾರಿಯಲ್ಲೇ ಉಳಿದವು. ಎರಡೂ ಈಗ ನಿಮ್ಮ ಅಂಗೈಯಲ್ಲಿ ಒಟ್ಟಿಗೆ ಇವೆ.

ಹಂತ 2: ಒಬ್ಬರನ್ನು, ಒಂದು ಕೆಲಸವನ್ನು ಆರಿಸಿ

ಕೆಲಸ ನಿಜವಾದದ್ದಾಗಿರಲಿ, ಅವರಿಗೆ ಬೇಕಾದದ್ದಾಗಿರಲಿ. "ಈ ಆ್ಯಪ್ ಹೇಗಿದೆ ನೋಡು" ಎಂದರೆ "ಚೆನ್ನಾಗಿದೆ" ಎಂಬ ಉತ್ತರ ಬರುತ್ತದೆ, ಅದರಿಂದ ಏನೂ ಸಿಗುವುದಿಲ್ಲ.

ಕೆಲಸ ಹೇಳುವಾಗ ಪರದೆಯ ಮೇಲಿರುವ ಪದವನ್ನು ಬಾಯಿಂದ ಬಿಡಬೇಡಿ. "ರೀಚಾರ್ಜ್‌ಗೆ ಹೋಗಿ ಪ್ಲಾನ್ ಸೆಲೆಕ್ಟ್ ಮಾಡು" ಎಂದರೆ ಅರ್ಧ ದಾರಿ ನೀವೇ ತೋರಿಸಿದಂತೆ. ನಮ್ಮ ಮನೆಯ ಮಾತಿನಲ್ಲಿ ಹೇಳಿ: "ಅಪ್ಪನ ಫೋನಿಗೆ ಕರೆನ್ಸಿ ಹಾಕು." ಆಗ ಅವರು 'ಕರೆನ್ಸಿ'ಯನ್ನು ಹುಡುಕುತ್ತಾರೆ. ಪರದೆಯಲ್ಲಿ ಆ ಪದ ಇಲ್ಲ. ಅವರ ಕಣ್ಣು ಎಲ್ಲೆಲ್ಲಿ ಓಡಾಡುತ್ತದೆ ಎಂದು ನೋಡುವುದೇ ನಿಮ್ಮ ಕೆಲಸ.

ಹಣದ ಕೆಲಸವಾದರೆ ನಿಮ್ಮದೇ ಖಾತೆಗೆ ಹತ್ತು ರೂಪಾಯಿ ಕಳಿಸುವಂತೆ ಹೇಳಿ. ಬಿಲ್ ಕಟ್ಟುವುದು, ರೈಲು ಟಿಕೆಟ್ ಇವೆಲ್ಲ ಎರಡನೇ ಸುತ್ತಿಗೆ ಇರಲಿ.

ಹಂತ 3: ಸುಮ್ಮನೆ ಕೂರಿ

ಇಡೀ ಮಾರ್ಗದರ್ಶಿಯಲ್ಲಿ ಕಷ್ಟದ ಹಂತ ಇದೇ. ಮೊದಲ ಸಲ ನಾನು ಎರಡೇ ನಿಮಿಷದಲ್ಲಿ ಸೋತೆ. ಅಮ್ಮ ಮೇಲಿನ ಮೂಲೆ ನೋಡದೆ ಕೆಳಗೆ ಹುಡುಕುತ್ತಿದ್ದಾಗ ನನ್ನ ಬೆರಳು ತಾನಾಗಿ ಪರದೆಯ ಮೇಲೆ ಹೋಗಿಬಿಟ್ಟಿತು. ಅವಳಿಗೆ ದಾರಿ ಸಿಕ್ಕಿತು, ನನಗೆ ಏನೂ ಸಿಗಲಿಲ್ಲ.

ಅವರ ಎದುರು ಕೂರಬೇಡಿ, ಪರೀಕ್ಷೆ ಬರೆಸುವ ಮೇಷ್ಟ್ರ ಹಾಗಾಗುತ್ತದೆ. ಪಕ್ಕದಲ್ಲಿ, ತುಸು ಹಿಂದೆ, ಅವರ ಭುಜದ ಮೇಲಿನಿಂದ ಪರದೆ ಕಾಣುವಂತೆ ಕೂರಿ. ನೋಟ್‌ಬುಕ್ ಒಂದು ಕೈಯಲ್ಲಿ, ಪೆನ್ನು ಇನ್ನೊಂದರಲ್ಲಿ ಇದ್ದರೆ ಬೆರಳು ಚಾಚುವ ಚಪಲ ಕಡಿಮೆಯಾಗುತ್ತದೆ. ಶುರುವಿನಲ್ಲೇ ಹೀಗೆ ಹೇಳಿ: "ಅಮ್ಮಾ, ನಾನು ನೋಡ್ತಿರೋದು ಫೋನನ್ನ, ನಿನ್ನನ್ನಲ್ಲ. ನೀನು ಏನೇ ಒತ್ತಿದರೂ ಸರಿ. ಮನಸ್ಸಿಗೆ ಬಂದದ್ದನ್ನ ಜೋರಾಗಿ ಹೇಳ್ತಾ ಮಾಡು."

ಜೋರಾಗಿ ಹೇಳಿಸುವುದು ಈ ವಿದ್ಯೆಯ ಹಳೆಯ ಉಪಾಯ. ಐಬಿಎಂನಲ್ಲಿದ್ದ ಕ್ಲೇಟನ್ ಲೂಯಿಸ್ 1982ರಲ್ಲಿ ಇದನ್ನು ಸಾಫ್ಟ್‌ವೇರ್ ಪರೀಕ್ಷೆಗೆ ತಂದರು. ನಮ್ಮ ಮನೆಗಳಲ್ಲಿ ಇದಕ್ಕೆ ತರಬೇತಿ ಬೇಕಿಲ್ಲ, ಒಲೆಯ ಮುಂದೆ ನಿಂತು ತಮಗೆ ತಾವೇ ಮಾತಾಡಿಕೊಳ್ಳುವುದು ಅಮ್ಮಂದಿರಿಗೆ ರೂಢಿಯೇ ಇದೆ.

"ಇದನ್ನ ಒತ್ತಲಾ?" ಎಂದು ಖಂಡಿತ ಕೇಳುತ್ತಾರೆ. "ಒತ್ತಿದರೆ ಏನಾಗಬಹುದು ಅನ್ಸುತ್ತೆ?" ಎಂದು ಮರಳಿ ಕೇಳಿ. ಅವರ ಉತ್ತರ ಚಿನ್ನ, ಹಾಗೇ ಬರೆದುಕೊಳ್ಳಿ. ಒಮ್ಮೆ ಅಮ್ಮ ಪರದೆಯ ಮೇಲಿನ ಮೂರು ಅಡ್ಡಗೆರೆಗಳನ್ನು ತೋರಿಸಿ "ಈ ವಿಭೂತಿ ಪಟ್ಟೆ ಯಾಕೋ ಇದೆ ಇಲ್ಲಿ?" ಅಂದಳು. ಆ ಚಿಹ್ನೆಯನ್ನು 1981ರ ಝೆರಾಕ್ಸ್ ಸ್ಟಾರ್ ಕಂಪ್ಯೂಟರಿಗಾಗಿ ನಾರ್ಮ್ ಕಾಕ್ಸ್ ಬರೆದದ್ದು. ಒಂದರ ಕೆಳಗೊಂದು ಇರುವ ಪಟ್ಟಿಯನ್ನು ಸೂಚಿಸುವುದು ಅವರ ಉದ್ದೇಶ. ಅಮ್ಮನಿಗೆ ಅದರಲ್ಲಿ ಶಿವ ಕಂಡ. ಅದರೊಳಗೆ ತಾನು ಹುಡುಕುತ್ತಿರುವ 'ಹಳೇ ಬಿಲ್ಲು' ಅಡಗಿದೆ ಎಂದು ಅವಳಿಗೆ ಹೊಳೆಯಲು ಯಾವ ಕಾರಣವೂ ಇರಲಿಲ್ಲ.

ಎರಡು ಕಡೆ ಮಾತ್ರ ಮೌನ ಮುರಿಯಿರಿ. ನಿಜವಾದ ಹಣ ತಪ್ಪು ಜಾಗಕ್ಕೆ ಹೋಗುವಂತಿದ್ದರೆ ತಡೆಯಿರಿ. ಅವರ ಮುಖ ಸಪ್ಪಗಾದರೆ ಅಲ್ಲಿಗೇ ನಿಲ್ಲಿಸಿ, ಕಾಫಿ ಕುಡಿಯಿರಿ, ಉಳಿದದ್ದು ನಾಳೆಗೆ. ಪಿನ್ ಹಾಕುವಾಗ ಮುಖ ಬೇರೆ ಕಡೆ ತಿರುಗಿಸಿ. ಮನೆಯವರಾದರೂ ಸರಿ, ಪಿನ್ ಅವರದು.

ಹಂತ 4: ಮೂರು ಕಾಲಂ ಎಳೆದು ಬರೆಯಿರಿ

ಏನು ಬೇಕಿತ್ತು, ಏನು ಮಾಡಿದರು, ಪರದೆ ಏನು ಮಾಡಿತು. ಇಷ್ಟೇ. "ಗೊಂದಲವಾಯಿತು" ಎಂದು ಬರೆದರೆ ಒಂದು ವಾರದ ಮೇಲೆ ನಿಮಗೇ ಅರ್ಥವಾಗುವುದಿಲ್ಲ. ನನ್ನ ಪುಸ್ತಕದ ಒಂದು ನಮೂದು ಹೀಗಿದೆ:

ಬೇಕಾದದ್ದು: ಅತ್ತೆಗೆ 10 ರೂ. ಕಳಿಸುವುದು. ಮಾಡಿದ್ದು: ಅತ್ತೆಯ ಹೆಸರು ಮುಟ್ಟಿದಳು, ಬೆರಳು ಎರಡು ಕ್ಷಣ ಅಲ್ಲೇ ನಿಂತಿತು. ಪರದೆ ಮಾಡಿದ್ದು: 'ಅಳಿಸಿ, ಬ್ಲಾಕ್ ಮಾಡಿ' ಎಂಬ ಪಟ್ಟಿ ತೆರೆಯಿತು. ಅಮ್ಮ ಹೇಳಿದ್ದು: "ಅಯ್ಯೋ, ಅತ್ತೆಯನ್ನ ಯಾಕೆ ಅಳಿಸಬೇಕು?"

ಎಷ್ಟು ಹೊತ್ತು ಹಿಡಿಯಿತು ಎಂದು ಗಡಿಯಾರ ನೋಡಿ ಬರೆಯುವುದು ಬೇಕಿದ್ದರೆ ಮಾಡಿ. ನಾನು ಬಿಟ್ಟುಬಿಟ್ಟೆ, ಅಮ್ಮನಿಗೆ ಅವಸರ ಹುಟ್ಟುತ್ತಿತ್ತು.

ಹಂತ 5: ಪ್ರತಿ ಎಡವಿಗೂ ಕಾರಣ ಹುಡುಕಿ

ಈಗ ಒಬ್ಬರೇ ಕೂತು ಪುಸ್ತಕ ತೆಗೆಯಿರಿ. ಪ್ರತಿ ನಮೂದಿಗೂ ಕೆಳಗಿನ ಪ್ರಶ್ನೆಗಳನ್ನು ಕೇಳಿ. ಹೆಚ್ಚಿನವು ಯಾವುದಾದರೂ ಒಂದರಲ್ಲಿ ಬೀಳುತ್ತವೆ.

ಕಾಣುತ್ತಿತ್ತೇ? ಕಾಣದ್ದನ್ನು ಬಳಸಲು ಬರುವುದಿಲ್ಲ. ಹಿಂದಿನ ಫೋನ್‌ಗಳಲ್ಲಿ ಕೆಳಗೆ ಮೂರು ಬಟನ್ ಇರುತ್ತಿದ್ದವು. 2019ರ ಆಂಡ್ರಾಯ್ಡ್ 10ರಿಂದ ಅವುಗಳ ಬದಲಿಗೆ ಅಂಚಿನಿಂದ ಬೆರಳು ಎಳೆಯುವ ಪದ್ಧತಿ ಬಂತು. ಪರದೆ ದೊಡ್ಡದಾಯಿತು, ನಿಜ. ಆದರೆ ಹಿಂದಕ್ಕೆ ಹೋಗುವ ದಾರಿ ಎಲ್ಲಿದೆ ಎಂಬ ಗುರುತೇ ಅಳಿಸಿಹೋಯಿತು. ಹೊಸ ಫೋನ್ ಕೊಡಿಸಿದ ಮೇಲೆ ಅಪ್ಪ ಪ್ರತಿ ಸಲವೂ ಪಕ್ಕದ ಬಟನ್ ಒತ್ತಿ ಪರದೆ ಆರಿಸಿ ಮತ್ತೆ ಹಚ್ಚುತ್ತಿದ್ದದ್ದು ಯಾಕೆಂದು ನನಗೆ ಮೂರು ತಿಂಗಳು ತಿಳಿಯಲಿಲ್ಲ.

ಮಾತು ಅರ್ಥವಾಯಿತೇ? ಇಲ್ಲಿ ನಾನು ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಕನ್ನಡದ ಆ್ಯಪ್‌ಗಳ ದೊಡ್ಡ ನೋವು ಇದೇ. ಪದಗಳನ್ನು ಪಟ್ಟಿಯಾಗಿ ಕೊಟ್ಟು ಅನುವಾದ ಮಾಡಿಸುತ್ತಾರೆ, ಅನುವಾದ ಮಾಡುವವರಿಗೆ ಪುಟ ಕಾಣುವುದಿಲ್ಲ. ಹಾಗಾಗಿ ಇಂಗ್ಲಿಷಿನ 'ಕ್ಲೋಸ್', 'ಬುಕ್', 'ಬ್ಯಾಲೆನ್ಸ್' ಪದಗಳ ಬೇರೆ ಅರ್ಥ ಹಿಡಿದು, ಪುಟ ಮುಚ್ಚುವ ಬಟನ್ ಮೇಲೆ 'ಹತ್ತಿರ' ಎಂದೂ, ಟಿಕೆಟ್ ಕಾದಿರಿಸುವ ಬಟನ್ ಮೇಲೆ 'ಪುಸ್ತಕ' ಎಂದೂ, ಖಾತೆಯಲ್ಲಿ ಉಳಿದ ಹಣಕ್ಕೆ 'ಸಮತೋಲನ' ಎಂದೂ ಬಂದು ಕೂರುತ್ತದೆ. ಇವನ್ನೆಲ್ಲ ನಾನೇ ಕಂಡಿದ್ದೇನೆ. ಇಂಥ ಕನ್ನಡ ನೋಡಿ ಜನ ಇಂಗ್ಲಿಷಿಗೆ ಮರಳುತ್ತಾರೆ. ಆಮೇಲೆ "ಕನ್ನಡ ಆಯ್ಕೆಯನ್ನು ಯಾರೂ ಬಳಸುವುದಿಲ್ಲ" ಎಂಬ ಮಾತು ಬರುತ್ತದೆ.

ಪದ ಸರಿಯಿದ್ದರೂ ಅಕ್ಷರ ಉಳಿಯಬೇಕಲ್ಲ. ನಮ್ಮ ಲಿಪಿಗೆ ಮೇಲೆ ಗುಣಿತಕ್ಕೆ ಜಾಗ ಬೇಕು, ಕೆಳಗೆ ಒತ್ತಕ್ಷರಕ್ಕೆ ಜಾಗ ಬೇಕು. ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಅಳೆದು ಮಾಡಿದ ಬಟನ್‌ನಲ್ಲಿ ಒತ್ತು ಕತ್ತರಿಸಿಹೋಗುತ್ತದೆ. 'ರದ್ದು' ಎನ್ನುವುದು 'ರದು' ಆಗುತ್ತದೆ, 'ಇಲ್ಲ' ಎನ್ನುವುದು 'ಇಲ' ಆಗುತ್ತದೆ. ಅಗಲವೂ ಸಾಲುವುದಿಲ್ಲ. 'ಪಾವತಿಯ ಸ್ಥಿತಿ ಪರಿಶೀಲಿಸಿ' ಎಂಬುದು 'ಪಾವತಿಯ ಸ್ಥಿ' ಎಂಬಲ್ಲಿಗೆ ಮುಗಿದು ಮುಂದೆ ಮೂರು ಚುಕ್ಕಿ. ನಿಮ್ಮ ಪುಸ್ತಕದಲ್ಲಿ ಹೀಗೆ ಕತ್ತರಿಸಿದ ಪದಗಳಿಗೆ ಒಂದು ಪ್ರತ್ಯೇಕ ಪುಟ ಇಡಿ, ಬೇಗ ತುಂಬುತ್ತದೆ.

ಉತ್ತರ ಬಂತೇ? ಒತ್ತಿದ್ದಕ್ಕೆ ಏನಾದರೂ ಪ್ರತಿಕ್ರಿಯೆ ಇರಬೇಕು. ಈ ಕ್ಷೇತ್ರದ ಹಿರಿಯ ಯಾಕೋಬ್ ನೀಲ್ಸನ್ ಮತ್ತೆ ಮತ್ತೆ ಹೇಳುವ ಮೂರು ಅಳತೆಗಳಿವೆ: 0.1 ಸೆಕೆಂಡಿನೊಳಗೆ ಉತ್ತರ ಬಂದರೆ ತಕ್ಷಣ ಆದಂತೆ ಅನ್ನಿಸುತ್ತದೆ, 1 ಸೆಕೆಂಡಿನವರೆಗೆ ಯೋಚನೆಯ ಎಳೆ ಹರಿಯುವುದಿಲ್ಲ, 10 ಸೆಕೆಂಡ್ ದಾಟಿದರೆ ಗಮನ ಬೇರೆಡೆ ಹೋಗುತ್ತದೆ. ನಿಧಾನವಾಗುವುದು ತಪ್ಪಲ್ಲ, ಹಳ್ಳಿಯ ನೆಟ್‌ವರ್ಕ್‌ನಲ್ಲಿ ಅದು ಇದ್ದದ್ದೇ. ನಿಧಾನವಾಗುತ್ತಿದೆ ಎಂದು ಹೇಳದಿರುವುದು ತಪ್ಪು. ನಮ್ಮ ನಾಡಿನದೇ ಒಳ್ಳೆಯ ಮಾದರಿ ಬೇಕೆಂದರೆ ಮತಯಂತ್ರ ನೆನೆಸಿಕೊಳ್ಳಿ. ಬೆಂಗಳೂರಿನ ಬಿಇಎಲ್ ಮತ್ತು ಹೈದರಾಬಾದಿನ ಇಸಿಐಎಲ್ ಅದನ್ನು ತಯಾರಿಸುತ್ತವೆ. ಬಟನ್ ಒತ್ತಿದರೆ ಅದೇ ಹೆಸರಿನ ಪಕ್ಕದಲ್ಲಿ ಕೆಂಪು ದೀಪ, ವಿವಿಪ್ಯಾಟ್ ಕಿಂಡಿಯಲ್ಲಿ 7 ಸೆಕೆಂಡ್ ಕಾಣುವ ಚೀಟಿ, ಉದ್ದನೆಯ ಬೀಪ್. ಓದು ಬಾರದವರಿಗೆ ಚಿಹ್ನೆ, ಕಣ್ಣು ಕಾಣದವರಿಗೆ ಬ್ರೈಲ್ ಅಂಕೆ. ಅಂಗಡಿಯ ಗಲ್ಲಾದ ಮೇಲೆ ಕೂತು "ಐವತ್ತು ರೂಪಾಯಿ ಬಂದಿದೆ" ಎನ್ನುವ ಪುಟ್ಟ ಪೆಟ್ಟಿಗೆಯೂ ಅದೇ ಜಾತಿಯದು. ಎರಡೂ ಕೈಯಲ್ಲಿ ಸೊಪ್ಪಿನ ಕಟ್ಟು ಹಿಡಿದವರು ಫೋನ್ ತೆಗೆದು ನೋಡಬೇಕಿಲ್ಲ.

ಬೆರಳಿಗೆ ಸಿಕ್ಕಿತೇ? ಆಂಡ್ರಾಯ್ಡ್ ವಿನ್ಯಾಸದ ಸೂಚನೆಯ ಪ್ರಕಾರ ಮುಟ್ಟುವ ಜಾಗ ಸುಮಾರು 9 ಮಿಲಿಮೀಟರ್ ಅಗಲ, ಎತ್ತರ ಇರಬೇಕು. ಸ್ಕೇಲ್ ಇಟ್ಟು ಅಳೆಯಬಹುದು. ಗದ್ದೆ ಕೆಲಸ, ಪಾತ್ರೆ ತೊಳೆಯುವ ಸೋಪು, ವಯಸ್ಸು ಇವೆಲ್ಲ ಸೇರಿ ಒಣಗಿದ ಬೆರಳುಗಳಿಗೆ ಪರದೆ ಒಮ್ಮೆಗೇ ಓಗೊಡುವುದಿಲ್ಲ. ಅವರು ಗಟ್ಟಿಯಾಗಿ, ಹೆಚ್ಚು ಹೊತ್ತು ಒತ್ತುತ್ತಾರೆ. ಫೋನ್ ಅದನ್ನು 'ಒತ್ತಿ ಹಿಡಿದದ್ದು' ಎಂದು ತಿಳಿದು ಬೇರೆ ಪಟ್ಟಿ ತೆರೆಯುತ್ತದೆ. ಅತ್ತೆಯನ್ನು ಅಳಿಸುವ ಪ್ರಸಂಗ ಹುಟ್ಟಿದ್ದು ಹೀಗೆ.

ವಾಪಸ್ ಬರಬಹುದೇ? ತಪ್ಪಿದರೆ ಹಿಂದಿರುಗುವ ದಾರಿ ಇದೆಯೇ, ಅದು ಕಾಣುತ್ತದೆಯೇ. ಹಣದ ವಿಷಯದಲ್ಲಿ ಇದು ಗಂಭೀರ. ಯುಪಿಐಯಲ್ಲಿ ಹಣ ಪಡೆಯಲು ಪಿನ್ ಬೇಡವೇ ಬೇಡ, ಆದರೂ 'ನಿಮಗೆ ಹಣ ಬರುತ್ತದೆ, ಪಿನ್ ಹಾಕಿ' ಎಂದು ನಂಬಿಸಿ ಎಷ್ಟೋ ಜನರ ದುಡ್ಡು ದೋಚಿದರು. ಹಣ ಕೇಳುವ ಕೋರಿಕೆಯ ಪುಟ ಅಂಥವರ ಕೈಗೆ ಸಿಕ್ಕ ಸಾಧನ. ಜನರಿಗೆ ಎಚ್ಚರ ಹೇಳುವುದು ವರ್ಷಗಟ್ಟಲೆ ನಡೆಯಿತು. ಕೊನೆಗೆ ವ್ಯಕ್ತಿಯಿಂದ ವ್ಯಕ್ತಿಗೆ ಹೋಗುವ ಆ ಕೋರಿಕೆಯನ್ನೇ 2025ರ ಅಕ್ಟೋಬರ್ 1ರಿಂದ ನಿಲ್ಲಿಸುವಂತೆ ಯುಪಿಐ ನಡೆಸುವ ಎನ್‌ಪಿಸಿಐ ಸೂಚಿಸಿತು. ಎಡವುವ ಕಲ್ಲನ್ನು ತೆಗೆದೇ ಹಾಕಿದಂತಾಯಿತು.

ಹಂತ 6: ಇನ್ನೂ ನಾಲ್ಕು ಜನರನ್ನು ಕೂರಿಸಿ

ಒಬ್ಬರ ಎಡವು ಆಕಸ್ಮಿಕ ಇರಬಹುದು. ಅದೇ ಜಾಗದಲ್ಲಿ ಮೂವರು ಎಡವಿದರೆ ಅಲ್ಲ. ನೀಲ್ಸನ್ ಮತ್ತು ಥಾಮಸ್ ಲ್ಯಾಂಡವರ್ 1993ರಲ್ಲಿ ಮಾಡಿದ ಲೆಕ್ಕದ ಆಧಾರದ ಮೇಲೆ, ಐದು ಜನರನ್ನು ನೋಡಿದರೆ ಹೆಚ್ಚಿನ ದೋಷಗಳು ಸಿಕ್ಕಿಬಿಡುತ್ತವೆ ಎಂಬ ಮಾತು ರೂಢಿಗೆ ಬಂದಿದೆ. ಪಕ್ಕದ ಮನೆಯ ಆಂಟಿ, ಹಾಲಿನವರು, ಕಾಲೇಜಿಗೆ ಹೋಗುವ ಹುಡುಗಿ, ಅಜ್ಜ, ಹೀಗೆ ಐವರೂ ಬೇರೆ ಬೇರೆ ಥರದವರಾಗಿರಲಿ. ಕಾಲೇಜು ಹುಡುಗಿಯೂ ಎಡವಿದ ಜಾಗಕ್ಕೆ ಕೆಂಪು ಗುರುತು ಹಾಕಿ.

ಹಂತ 7: ನಿಮ್ಮ ಕೈಯಲ್ಲಾಗುವುದನ್ನು ಇವತ್ತೇ ಸರಿಮಾಡಿ

ಫ್ಯಾನ್ ಸ್ವಿಚ್ಚಿನ ಮೇಲೆ ಒಂದು ಬಿಂದಿ ಅಂಟಿಸಿ. ಸ್ಟವ್‌ನ ನಾಬ್ ಪಕ್ಕ ನಾಲ್ಕು ಚುಕ್ಕಿಗಳನ್ನು ಚೌಕಾಕಾರದಲ್ಲಿ ಬರೆದು, ಆ ನಾಬಿಗೆ ಸೇರಿದ ಬರ್ನರ್‌ನ ಚುಕ್ಕಿಯನ್ನು ಮಾತ್ರ ತುಂಬಿ. ನೇಲ್ ಪಾಲಿಶ್ ಚೆನ್ನಾಗಿ ನಿಲ್ಲುತ್ತದೆ, ಒರೆಸಿದರೂ ಬೇಗ ಹೋಗುವುದಿಲ್ಲ. ಹೊಸ ಮನೆಗೆ ವೈರಿಂಗ್ ಮಾಡಿಸುತ್ತಿದ್ದರೆ, ಬೋರ್ಡಿನಲ್ಲಿ ಸ್ವಿಚ್ಚುಗಳು ಸೀಲಿಂಗಿನ ದೀಪ-ಫ್ಯಾನುಗಳ ಸಾಲಿನಂತೆಯೇ ಬರಲಿ ಎಂದು ಎಲೆಕ್ಟ್ರಿಷಿಯನ್‌ಗೆ ಮೊದಲೇ ಹೇಳಿ. ಆಮೇಲೆ ಹೇಳಿದರೆ ಗೋಡೆ ಒಡೆಯಬೇಕು.

ಫೋನಿನಲ್ಲಿ ಸೆಟ್ಟಿಂಗ್ಸ್ ತೆರೆಯಿರಿ. ಹೆಸರುಗಳು ಫೋನಿನಿಂದ ಫೋನಿಗೆ ತುಸು ಬೇರೆಯಾಗುತ್ತವೆ, ಸೆಟ್ಟಿಂಗ್ಸ್ ಮೇಲಿನ ಹುಡುಕುವ ಪಟ್ಟಿಯಲ್ಲಿ ಟೈಪ್ ಮಾಡಿದರೆ ಸಿಗುತ್ತವೆ. ಮೊದಲು ಅಕ್ಷರದ ಗಾತ್ರ, ಅಂದರೆ ಫಾಂಟ್ ಸೈಜ್, ಜೊತೆಗೆ ಡಿಸ್‌ಪ್ಲೇ ಸೈಜ್ ಹೆಚ್ಚಿಸಿ. ಹೆಚ್ಚಿಸಿದ ಮೇಲೆ ದಿನಾ ಬಳಸುವ ಆ್ಯಪ್‌ಗಳನ್ನು ಒಂದೊಂದಾಗಿ ತೆರೆದು ನೋಡಲೇಬೇಕು. ಕೆಲವು ಆ್ಯಪ್‌ಗಳಲ್ಲಿ ಅಕ್ಷರ ಹಿಗ್ಗಿ ಬಟನ್ ಪರದೆಯಾಚೆ ಹೋಗಿಬಿಡುತ್ತದೆ. ಹಾಗಾದರೆ ಒಂದು ಹಂತ ಇಳಿಸಿ.

ಒಣ ಬೆರಳಿನವರಿಗೆ ಆಕ್ಸೆಸಿಬಿಲಿಟಿಯಲ್ಲಿ 'ಟಚ್ ಅಂಡ್ ಹೋಲ್ಡ್ ಡಿಲೇ'ಯನ್ನು 'ಲಾಂಗ್' ಮಾಡಿ, ಆಗ ತುಸು ಹೆಚ್ಚು ಹೊತ್ತು ಒತ್ತಿದರೂ ಬೇರೆ ಪಟ್ಟಿ ತೆರೆಯುವುದಿಲ್ಲ. ಐಫೋನಿನಲ್ಲಿ 'ಟಚ್ ಅಕಾಮಡೇಷನ್ಸ್' ಎಂಬುದಿದೆ, ಅದರೊಳಗೆ ಒಂದೇ ಜಾಗ ಎರಡು ಸಲ ಮುಟ್ಟಿದ್ದನ್ನು ಒಂದೇ ಎಂದು ಎಣಿಸುವ 'ಇಗ್ನೋರ್ ರಿಪೀಟ್' ಕೂಡ ಇದೆ. ನಡುಗುವ ಕೈಗಳಿಗೆ ಇದು ದೊಡ್ಡ ಉಪಕಾರ. ಪರದೆ ಬೇಗ ಆರದಂತೆ ಸ್ಕ್ರೀನ್ ಟೈಮ್‌ಔಟ್ ಹೆಚ್ಚಿಸಿ. ಕೆಳಗಿನ ಮೂರು ಬಟನ್‌ಗಳನ್ನು ನ್ಯಾವಿಗೇಷನ್ ಮೋಡ್‌ನಲ್ಲಿ ಮರಳಿ ತರಬಹುದು. ಅಪ್ಪನಿಗೆ ಅದನ್ನು ಮಾಡಿಕೊಟ್ಟ ದಿನ ಅವರ ಫೋನಿನ ಪಕ್ಕದ ಬಟನ್‌ಗೆ ಬಿಡುವು ಸಿಕ್ಕಿತು.

ಆಂಡ್ರಾಯ್ಡ್ 13ರಿಂದೀಚೆಗೆ ಒಂದೊಂದು ಆ್ಯಪ್‌ಗೆ ಒಂದೊಂದು ಭಾಷೆ ಇಡಬಹುದು. ಕನ್ನಡ ಚೆನ್ನಾಗಿರುವ ಆ್ಯಪ್‌ಗೆ ಕನ್ನಡ, 'ಸಮತೋಲನ'ದ ಆ್ಯಪ್‌ಗೆ ಅದು ಸರಿಹೋಗುವವರೆಗೆ ಇಂಗ್ಲಿಷ್.

ಒಂದು ಎಚ್ಚರ: ಒಂದೇ ದಿನ ಎಲ್ಲ ಬದಲಿಸಬೇಡಿ. ವಾರಕ್ಕೆ ಎರಡು ಸಾಕು. ಬೆಳಿಗ್ಗೆ ಎದ್ದಾಗ ಫೋನ್ ಇಡೀ ಬೇರೆಯಾಗಿದ್ದರೆ ಅದೇ ಹೊಸ ಎಡವು. ಅವರ ಮುಂದೆಯೇ ಮಾಡಿ, ಕೇಳಿ ಮಾಡಿ.

ಹಂತ 8: ಉಳಿದದ್ದನ್ನು ತಯಾರಕರಿಗೆ ಬರೆಯಿರಿ

"ನಿಮ್ಮ ಆ್ಯಪ್ ಸರಿಯಿಲ್ಲ" ಎಂದು ಒಂದು ಸ್ಟಾರ್ ಕೊಟ್ಟರೆ ಒಳಗೆ ಕೂತ ನನ್ನಂಥವರು ಏನೂ ಮಾಡಲಾಗುವುದಿಲ್ಲ. ನಮಗೆ ಬೇಕಾದದ್ದು ನಿಮ್ಮ ಮೂರು ಕಾಲಂ. ಹೀಗೆ ಬರೆಯಿರಿ:

"ನನ್ನ ತಾಯಿಗೆ 67 ವರ್ಷ. ಆಂಡ್ರಾಯ್ಡ್ ಫೋನಿನಲ್ಲಿ ನಿಮ್ಮ ಆ್ಯಪ್‌ನಿಂದ ಬಿಲ್ ಕಟ್ಟಿದರು. ಪಿನ್ ಹಾಕಿದ ಮೇಲೆ ಪರದೆ ಸುಮಾರು 8 ಸೆಕೆಂಡ್ ಖಾಲಿಯಿತ್ತು, ಆಮೇಲೆ ಬಿಲ್ಲಿನ ಪುಟಕ್ಕೇ ಮರಳಿತು, ಕಟ್ಟುವ ಬಟನ್ ಹಾಗೇ ಇತ್ತು. ಮತ್ತೆ ಕಟ್ಟಿದರು. ಹಣ ಎರಡು ಸಲ ಹೋಯಿತು. ಕಾಯುವ ಹೊತ್ತಿನಲ್ಲಿ 'ಪಾವತಿ ನಡೆಯುತ್ತಿದೆ, ಮತ್ತೆ ಒತ್ತಬೇಡಿ' ಎಂದು ತೋರಿಸಿ. ಅದೇ ಬಿಲ್ಲನ್ನು ಎರಡನೇ ಸಲ ಕಟ್ಟಲು ಹೋದರೆ ತಡೆದು ಕೇಳಿ."

ಜೊತೆಗೆ ಆ್ಯಪ್‌ನ ಆವೃತ್ತಿ ಸಂಖ್ಯೆ ಹಾಕಿ. ಪರದೆಯ ಚಿತ್ರ ಕಳಿಸುವುದಾದರೆ ಖಾತೆ ಸಂಖ್ಯೆ, ಫೋನ್ ನಂಬರ್ ಮುಚ್ಚಿ. ಕನ್ನಡದಲ್ಲೇ ಬರೆಯಿರಿ. ಕನ್ನಡದ ದೂರು ಬಂದರೆ ತಾನೇ ಕನ್ನಡ ಬಳಸುವವರು ಇದ್ದಾರೆಂದು ಗೊತ್ತಾಗುವುದು.

ಎಡವಿದವರು ಅಂಗವೈಕಲ್ಯ ಇರುವವರಾದರೆ ನಿಮ್ಮ ಮಾತಿಗೆ ಕಾನೂನಿನ ಬೆಂಬಲವಿದೆ ಎಂಬುದನ್ನು ಮರೆಯಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ. ಆಸಿಡ್ ದಾಳಿಗೆ ಒಳಗಾದವರು ಮತ್ತು ದೃಷ್ಟಿಯಿಲ್ಲದವರು ಕೆವೈಸಿಗಾಗಿ ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಬೇಕೆಂಬಂಥ ನಿಯಮಗಳ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. 2025ರ ಏಪ್ರಿಲ್ 30ರಂದು ಕೋರ್ಟು, ಡಿಜಿಟಲ್ ಸೇವೆಗಳು ಎಲ್ಲರ ಕೈಗೆಟುಕುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ಹೇಳಿ 20 ನಿರ್ದೇಶನಗಳನ್ನು ಕೊಟ್ಟಿತು. ಕಣ್ಣು ಮಿಟುಕಿಸಲಾಗದವರಿಗೆ 'ಕಣ್ಣು ಮಿಟುಕಿಸಿ' ಎನ್ನುವ ಪುಟವನ್ನು ಬರೆದವರು, ಅಂಥವರೊಬ್ಬರ ಪಕ್ಕದಲ್ಲಿ ಅರ್ಧ ಗಂಟೆ ಕೂತಿದ್ದರೆ ಆ ಪುಟವನ್ನು ಹಾಗೆ ಬರೆಯುತ್ತಿರಲಿಲ್ಲ ಎಂದು ನಾನು ನಂಬುತ್ತೇನೆ.

ಹಂತ 9: ಎರಡು ತಿಂಗಳ ಮೇಲೆ ಮತ್ತೆ ನೋಡಿ

ಅದೇ ವ್ಯಕ್ತಿ, ಅದೇ ಕೆಲಸ, ಅದೇ ಮಾತಿನಲ್ಲಿ. ಹಳೆಯ ಪುಟವನ್ನು ಮೊದಲೇ ತೆರೆದು ನೋಡಬೇಡಿ, ಪರೀಕ್ಷೆ ಮುಗಿದ ಮೇಲೆ ಹೋಲಿಸಿ. ನೀವು ಸರಿಮಾಡಿದ ಜಾಗಗಳಲ್ಲಿ ಎಡವು ನಿಂತಿದೆಯೇ, ಹೊಸದು ಹುಟ್ಟಿದೆಯೇ ಎಂದು ಗುರುತು ಹಾಕಿ. ಆ್ಯಪ್‌ಗಳು ತಮ್ಮಷ್ಟಕ್ಕೆ ಬದಲಾಗುತ್ತಿರುತ್ತವೆ, ಹೋದ ಸಲ ಇದ್ದ ಬಟನ್ ಈ ಸಲ ಬೇರೆ ಮೂಲೆಯಲ್ಲಿರುತ್ತದೆ. ಆ ತಾರೀಕನ್ನೂ ಬರೆದಿಡಿ.

ನೋಟ್‌ಬುಕ್ಕನ್ನು ನಾನು ಹಾಸನದಲ್ಲೇ ಬಿಟ್ಟು ಬಂದಿದ್ದೆ. ಯುಗಾದಿಗೆ ಹೋದಾಗ ತೆರೆದು ನೋಡಿದರೆ ಕೊನೆಯ ಪುಟದಲ್ಲಿ ಅಮ್ಮನ ಅಕ್ಷರ: "ಗ್ಯಾಸ್ ಬುಕ್ ಮಾಡಿದೆ. ಆಯಿತು ಅಂತ ಅದು ಹೇಳಲಿಲ್ಲ. ಮತ್ತೆ ಒತ್ತಲಿಲ್ಲ, ಕಾದೆ. ಹತ್ತು ನಿಮಿಷಕ್ಕೆ ಮೆಸೇಜ್ ಬಂತು. ಇದನ್ನೂ ಅವರಿಗೆ ಬರೆದು ಹಾಕು."